ಆರ್ಥಿಕ ಭೂಗೋಳ ವಿದುಷಿ ಡೊರೀನ್ ಮ್ಯಾಸಿಯವರ ವಿದ್ಯಾಜೀವನ

ಭೂಗೋಳಶಾಸ್ತ್ರವೆಂದರೆ ನದಿ, ಪರ್ವತ, ಬಂದರು, ಬೆಳೆ, ಖನಿಜ ಇವುಗಳ ಹೆಸರುಗಳನ್ನು ಬಾಯಿಪಾಠ ಮಾಡಿ ಒಪ್ಪಿಸುವ ವಿದ್ಯೆಯೆಂದು ನಮ್ಮಲ್ಲಿ ಅನೇಕರು ತಿಳಿದಿರುವರು. ಹುಡುಗಿಯರಿಗೆ ಇದರಿಂದ ಆಗತಕ್ಕ ಪ್ರಯೋಜನವೇನು ಎಂದು ಕೇಳುವ ಹಿರಿಯರೂ ಉಂಟು. ಪಾಠಶಾಲೆಯನ್ನು ಬಿಟ್ಟ ಮೇಲೆ ಭೂಪಟವನ್ನು ಮತ್ತೆ ಬಿಡಿಸಿ ನೋಡುವ ಹೆಣ್ಣುಮಕ್ಕಳು ವಿರಳವೆಂಬುದನ್ನು ನಾವೂ ಬಲ್ಲೆವು. ಇದರಲ್ಲಿ ತಪ್ಪು ಹುಡುಗಿಯರದಲ್ಲ. ಆ ವಿದ್ಯೆಯನ್ನು ಹೇಳಿಕೊಡುವ ನಮ್ಮಂಥವರದು.

ಕೆಲವು ವರ್ಷಗಳ ಹಿಂದೆ ನಾವು ಒಂಬತ್ತನೆಯ ತರಗತಿಗೆ ಕೈಗಾರಿಕೆಗಳ ಪಾಠವನ್ನು ಹೇಳುತ್ತಿದ್ದಾಗ, ಹಿಂದಿನ ಸಾಲಿನಿಂದ ಒಬ್ಬ ಹುಡುಗಿಯು ಎದ್ದು, “ಟೀಚರ್, ನಮ್ಮೂರಿನಲ್ಲಿ ಏಕೆ ಏನೂ ಇಲ್ಲ? ನಮ್ಮಕ್ಕಂದಿರೆಲ್ಲ ಕೆಲಸಕ್ಕಾಗಿ ಬೆಂಗಳೂರಿಗೇ ಏಕೆ ಹೋಗಬೇಕು?” ಎಂದು ಕೇಳಿದಳು. ಮಳೆ ಸಾಲದು, ನೆಲ ಬರಡು, ರೈಲುಮಾರ್ಗ ದೂರ ಎಂದು ಉತ್ತರ ಕೊಟ್ಟು ನಾವು ಪಾಠವನ್ನು ಮುಂದುವರಿಸಿದೆವು. ಪರೀಕ್ಷೆಗೆ ಆ ಉತ್ತರ ಸಾಕಾಗುತ್ತಿತ್ತು. ಹುಡುಗಿಯು ಕುಳಿತುಕೊಂಡಳು, ಮತ್ತೆ ಏನನ್ನೂ ಕೇಳಲಿಲ್ಲ. ಹತ್ತನೆಯ ತರಗತಿಯಾದ ತರುವಾಯ ಅವಳೂ ಅಕ್ಕಂದಿರ ಹಾದಿಯಲ್ಲೇ ಹೋದಳೆಂದು ತಿಳಿದುಬಂದಿತು. ಆ ಪ್ರಶ್ನೆಯನ್ನು ತನ್ನ ಆಯುಷ್ಯದ ಪ್ರಶ್ನೆಯನ್ನಾಗಿ ಮಾಡಿಕೊಂಡ ಒಬ್ಬ ಮಹಿಳೆಯ ವಿಷಯವನ್ನು ಓದಿದಾಗ, ನಾವು ಅಂದು ಕೊಟ್ಟ ಉತ್ತರವು ಎಷ್ಟು ಕೊರತೆಯುಳ್ಳದ್ದೆಂಬುದು ನಮಗೆ ಗೊತ್ತಾಯಿತು. ಆ ಮಹಿಳೆಯೇ ಇಂಗ್ಲೆಂಡಿನ ಡೊರೀನ್ ಮ್ಯಾಸಿಯವರು. ಅವರ ಜೀವನವನ್ನೂ ವಿಚಾರಗಳನ್ನೂ ನಮ್ಮ ವಿದ್ಯಾರ್ಥಿನಿಯರಿಗೆ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

ಮ್ಯಾಸಿಯವರು ೧೯೪೪ನೆಯ ಇಸವಿ ಜನವರಿ ೩ನೆಯ ದಿನ ಮ್ಯಾಂಚೆಸ್ಟರ್ ನಗರದಲ್ಲಿ ಜನಿಸಿದರು. ಅವರು ಬೆಳೆದದ್ದು ಆ ನಗರದ ಹೊರಗಿನ ವಿದೆನ್‌ಷಾ ಎಂಬ ಬಡಾವಣೆಯಲ್ಲಿ. ದುಡಿದು ಬಾಳುವ ಜನರ ವಾಸಕ್ಕಾಗಿ ನಗರಸಭೆಯವರೇ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟ ಬಹು ದೊಡ್ಡ ಬಡಾವಣೆಯದು. ತಾವು ಒಂಬತ್ತು ಹತ್ತು ವರ್ಷದ ಬಾಲಿಕೆಯಾಗಿದ್ದಾಗಿನ ಒಂದು ನೆನಪನ್ನು ಅವರು ಮುಂದೆ ಬರೆದಿಟ್ಟಿರುವರು. ಶನಿವಾರದ ದಿನ ಬಸ್ಸಿನ ಮೇಲಂತಸ್ತಿನಲ್ಲಿ ಕುಳಿತು ಪೇಟೆಗೆ ಹೋಗುವಾಗ ಮರ್ಸಿ ನದಿಯ ವಿಸ್ತಾರವಾದ ಕಣಿವೆಯನ್ನು ದಾಟಬೇಕಾಗಿತ್ತು. ಆ ತಗ್ಗು ನೆಲವೆಲ್ಲವೂ ಕಣ್ಣಿಗೆ ಕಾಣುವಷ್ಟು ದೂರದವರೆಗೆ ಕಾಲ್ಚೆಂಡಿನ ಮತ್ತು ರಗ್ಬಿಯ ಅಂಗಣಗಳಾಗಿ ವಿಭಾಗವಾಗಿತ್ತು. ನೂರಾರು ಹುಡುಗರು ಚೆಂಡಿನ ಹಿಂದೆ ಓಡುತ್ತಿದ್ದರು. ಇಷ್ಟು ದೊಡ್ಡ ಬಯಲೆಲ್ಲವೂ ಹುಡುಗರಿಗೇ ಸೇರಿಹೋದುದು ಹೇಗೆ ಎಂದು ಆ ಬಾಲಿಕೆಯು ಅಚ್ಚರಿಪಟ್ಟಳು. ಆ ಅಂಗಣಗಳಿಗೆ ಅವಳು ಹೋಗುತ್ತಿರಲಿಲ್ಲ. ಹೋಗಬಾರದೆಂದು ಯಾರೂ ಕಟ್ಟಳೆ ಮಾಡಿರಲಿಲ್ಲವಾದರೂ ಅವು ತನಗಾಗಿ ಇರುವವಲ್ಲವೆಂದು ಅವಳಿಗೆ ತೋರುತ್ತಿತ್ತು. ನೆಲವನ್ನು ಹಂಚಿದವರು ಯಾರು, ಹಂಚಿದ ರೀತಿ ಯಾವುದು, ಯಾರಿಗೆ ಪಾಲು ಸಿಕ್ಕಲಿಲ್ಲ ಎಂಬೀ ಪ್ರಶ್ನೆಗಳೇ ಅವರ ಶಾಸ್ತ್ರದ ತಿರುಳಾದುವು.

ಓದಿನಲ್ಲಿ ಚುರುಕಾಗಿದ್ದ ಅವರು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಸೇಂಟ್ ಹ್ಯೂಸ್ ಕಾಲೇಜನ್ನು ಸೇರಿ ಭೂಗೋಳವನ್ನು ವ್ಯಾಸಂಗಮಾಡಿದರು. ಈ ಕಾಲೇಜನ್ನು ೧೮೮೬ರಲ್ಲಿ ಎಲಿಜಬೆತ್ ವರ್ಡ್ಸ್‌ವರ್ತ್ ಎಂಬ ಮಹಿಳೆಯು, ಹೆಚ್ಚು ವೆಚ್ಚಮಾಡಲಾರದ ಹುಡುಗಿಯರಿಗೂ ಉನ್ನತ ವಿದ್ಯೆ ದೊರೆಯಬೇಕೆಂಬ ಉದ್ದೇಶದಿಂದ ಸ್ಥಾಪಿಸಿದರು. ಆಕೆಯು ಒಬ್ಬ ಬಿಷಪ್ಪರ ಮಗಳು. ಹೆಣ್ಣುಮಕ್ಕಳಿಗೆಂದು ತೆರೆದ ಇಂಥ ಬಾಗಿಲುಗಳಿಂದ ಎಂಥೆಂಥವರು ಹೊರಬಂದಿರುವರೆಂಬುದನ್ನು ಮಿಶನ್ ಶಾಲೆಯವರಾದ ನಾವು ಮರೆಯಬಾರದು.

ವ್ಯಾಸಂಗ ಮುಗಿದ ತರುವಾಯ, ೧೯೬೮ರಲ್ಲಿ, ಮ್ಯಾಸಿಯವರು ಲಂಡನ್ನಿನಲ್ಲಿ ನಗರಗಳ ಮತ್ತು ಪ್ರಾಂತಗಳ ಸ್ಥಿತಿಗತಿಗಳನ್ನು ಸಂಶೋಧಿಸುತ್ತಿದ್ದ ಪರಿಸರ ಅಧ್ಯಯನ ಕೇಂದ್ರವನ್ನು ಸೇರಿದರು. ಅಲ್ಲಿ ಇದ್ದಾಗಲೇ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯಕ್ಕೆ ಹೋಗಿ ೧೯೭೨ರಲ್ಲಿ ಪ್ರಾಂತೀಯ ವಿಜ್ಞಾನವೆಂಬ ಶಾಸ್ತ್ರದಲ್ಲಿ ಎಂ.ಎ. ಪದವಿಯನ್ನು ಪಡೆದರು. ಗಣಿತವನ್ನೂ ಅರ್ಥಶಾಸ್ತ್ರವನ್ನೂ ಭೂಗೋಳಕ್ಕೆ ಜೋಡಿಸಿದ ಶಾಸ್ತ್ರವಿದು. ಕೈಗಾರಿಕೆಗಳು ಇಂಥ ಸ್ಥಳದಲ್ಲಿಯೇ ಏಕೆ ನೆಲೆಗೊಳ್ಳುವುವು ಎಂಬುದಕ್ಕೆ ಜರ್ಮನಿಯ ಆಲ್ಫ್ರೆಡ್ ವೇಬರ್ ಎಂಬ ಪಂಡಿತನು ೧೯೦೯ರಲ್ಲಿ ಒಂದು ಸಿದ್ಧಾಂತವನ್ನು ಹೇಳಿದ್ದನು. ಕಚ್ಚಾ ಪದಾರ್ಥವನ್ನು ತರುವ ಸಾಗಣೆಯ ವೆಚ್ಚವೂ, ಸಿದ್ಧವಾದ ಸರಕನ್ನು ಮಾರುಕಟ್ಟೆಗೆ ಒಯ್ಯುವ ವೆಚ್ಚವೂ, ಕೂಲಿಯ ವೆಚ್ಚವೂ ಸೇರಿ ಎಲ್ಲಿ ಅತ್ಯಂತ ಕಡಿಮೆಯಾಗುವುದೋ ಅಲ್ಲಿ ಕಾರ್ಖಾನೆ ಏಳುವುದೆಂಬುದು ಇದರ ಸಾರಾಂಶ. ಮಂಡ್ಯದ ಸಕ್ಕರೆ ಕಾರ್ಖಾನೆಯನ್ನು ನೋಡಿದರೆ ಇದು ಸುಲಭವಾಗಿ ತಿಳಿಯುತ್ತದೆ. ಹತ್ತು ಮಣ ಕಬ್ಬನ್ನು ಅರೆದರೆ ಬರುವ ಸಕ್ಕರೆ ಸುಮಾರು ಒಂದು ಮಣ ಮಾತ್ರ. ಹತ್ತು ಮಣವನ್ನು ದೂರ ಸಾಗಿಸುವುದಕ್ಕಿಂತ ಗದ್ದೆಯ ಬಳಿಯಲ್ಲೇ ಅರೆಯುವುದು ಲಾಭ.

ಈ ಸಿದ್ಧಾಂತವು ಕಬ್ಬಿಗೆ ಸರಿಹೋಗುತ್ತದೆ. ಆದರೆ ಒಂದು ಊರಿನ ಗಿರಣಿ ಮುಚ್ಚಿ ಸಾವಿರಾರು ಜನರ ಕೆಲಸ ಹೋದುದಕ್ಕೆ ಇದರಿಂದಲೇ ಕಾರಣ ದೊರೆಯುವುದೇ? ಮ್ಯಾಸಿಯವರು ಈ ಶಾಸ್ತ್ರವನ್ನು ಚೆನ್ನಾಗಿ ಕಲಿತು, ಅನಂತರವೇ ಅದರ ಕೊರತೆಯನ್ನು ತೋರಿಸಿದರು. ೧೯೭೩ರಲ್ಲಿ ಅವರು ಪ್ರಕಟಿಸಿದ ಲೇಖನವು ಈ ಸಿದ್ಧಾಂತದ ವಿಮರ್ಶೆಯೇ. ಅದರಲ್ಲಿರುವ ಕಾರ್ಖಾನೆಯು ಲೋಕದಲ್ಲಿ ಒಂಟಿಯಾಗಿ ನಿಂತಿರುವ ಕಾರ್ಖಾನೆ. ಅದಕ್ಕೆ ಇತಿಹಾಸವಿಲ್ಲ, ಒಡೆಯರೂ ಆಳುಗಳೂ ತಮ್ಮತಮ್ಮೊಳಗೆ ನಡೆಸುವ ಹೋರಾಟವಿಲ್ಲ ಎಂಬುದು ಅವರ ಆಕ್ಷೇಪಣೆ. ಕಲಿಯದೆ ತಳ್ಳಿಹಾಕುವುದು ಉದಾಸೀನ. ಕಲಿತು ಪ್ರಶ್ನಿಸುವುದೇ ವಿದ್ಯೆ.

ಆ ಕಾಲದಲ್ಲಿ ಇಂಗ್ಲೆಂಡಿನ ದೊಡ್ಡ ನಗರಗಳಲ್ಲಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದುವು. ನಗರದ ದೋಷದಿಂದಲೇ ಹೀಗಾಗುತ್ತಿರುವುದೆಂದು ಹಲವರು ಹೇಳುತ್ತಿದ್ದರು. ಮ್ಯಾಸಿಯವರೂ ಸಹೋದ್ಯೋಗಿಯಾದ ರಿಚರ್ಡ್ ಮೀಗನ್ ಎಂಬವರೂ ಕೂಡಿ ಕೈಗಾರಿಕೆಗಳನ್ನು ಒಂದೊಂದಾಗಿ ಪರೀಕ್ಷಿಸಿ ೧೯೮೨ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಕೆಲಸಗಳು ನಷ್ಟವಾಗುವ ಬಗೆ ಮೂರು ಎಂದು ಅದರಲ್ಲಿ ವಿಂಗಡಿಸಿರುವರು. ಹೊಸ ಯಂತ್ರಗಳನ್ನು ತರದೆ ಇದ್ದ ಆಳುಗಳಿಂದಲೇ ಹೆಚ್ಚು ದುಡಿಸಿ ಉಳಿದವರನ್ನು ಬಿಡಿಸುವುದು ಒಂದು. ಉತ್ಪತ್ತಿಯನ್ನು ತಗ್ಗಿಸಿ ಕೆಲವು ಕಾರ್ಖಾನೆಗಳನ್ನೇ ಮುಚ್ಚುವುದು ಎರಡನೆಯದು. ಬಂಡವಾಳ ಹೂಡಿ ಹೊಸ ಯಂತ್ರಗಳನ್ನು ನಿಲ್ಲಿಸಿ ಆಳುಗಳ ಅಗತ್ಯವನ್ನೇ ಕಡಿಮೆ ಮಾಡುವುದು ಮೂರನೆಯದು. ಕೆಲಸ ಹೋಯಿತೆಂಬ ಫಲವು ಒಂದೇ ಆದರೂ ಕಾರಣಗಳು ಬೇರೆ. ಕಾರಣಕ್ಕೆ ತಕ್ಕಂತೆ ಯಾವ ಊರಿಗೆ ಪೆಟ್ಟು ತಗಲುವುದೆಂಬುದೂ ಬೇರೆ. ಜ್ವರವೆಂದ ಮಾತ್ರಕ್ಕೆ ಎಲ್ಲರಿಗೂ ಒಂದೇ ಔಷಧವನ್ನು ವೈದ್ಯರು ಕೊಡುವರೇ? ಊರಿನ ರೋಗಕ್ಕೂ ಹಾಗೆಯೇ ಮೊದಲು ನಿದಾನ ಬೇಕು.

ಇಷ್ಟರಲ್ಲಿ ಮ್ಯಾಸಿಯವರ ಸ್ವಂತ ಕೆಲಸಕ್ಕೇ ಪೆಟ್ಟು ಬಿದ್ದಿತು. ೧೯೭೯ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರವು ಅವರಿದ್ದ ಕೇಂದ್ರಕ್ಕೆ ಧನಸಹಾಯವನ್ನು ನಿಲ್ಲಿಸಿತು, ಕೇಂದ್ರವು ಮುಚ್ಚಿಹೋಯಿತು. ಕೆಲಸ ಕಳೆದುಕೊಂಡವರ ವಿಷಯ ಬರೆಯುತ್ತಿದ್ದವರಿಗೆ ಅದರ ಅನುಭವವೇ ಒದಗಿದಂತಾಯಿತು. ಆದರೂ ಅವರು ಸಂಶೋಧನೆಯನ್ನು ಕೈಬಿಡಲಿಲ್ಲ. ೧೯೮೨ರಲ್ಲಿ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಭೂಗೋಳದ ಪ್ರಾಧ್ಯಾಪಕಿಯಾದರು. ೨೦೦೯ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ಇದ್ದರು. ೧೯೬೯ರಲ್ಲಿ ಸ್ಥಾಪಿತವಾದ ಈ ವಿಶ್ವವಿದ್ಯಾನಿಲಯವು, ಹಿಂದೆ ಯಾವ ಪರೀಕ್ಷೆಯಲ್ಲೂ ತೇರ್ಗಡೆಯಾಗದವರನ್ನೂ ಸೇರಿಸಿಕೊಂಡು, ಅಂಚೆಯ ಮೂಲಕ ಪುಸ್ತಕಗಳನ್ನು ಕಳುಹಿಸಿ, ರೇಡಿಯೋ ಮತ್ತು ಟೆಲಿವಿಷನ್ನುಗಳಿಂದ ಪಾಠ ಹೇಳಿತು. ಹಗಲೆಲ್ಲಾ ದುಡಿದು ಬಂದ ಕೆಲಸಗಾರರೂ, ಮಕ್ಕಳನ್ನು ಮಲಗಿಸಿ ಪುಸ್ತಕ ತೆರೆಯುವ ಗೃಹಿಣಿಯರೂ ಅದರ ವಿದ್ಯಾರ್ಥಿಗಳು. ಇಂಥವರಿಗೆ ತಿಳಿಯುವಂತೆ ಪಾಠಗಳನ್ನು ಬರೆಯಬೇಕಾದುದರಿಂದ ಮ್ಯಾಸಿಯವರ ಬರವಣಿಗೆಯೂ ತಿಳಿಯಾಯಿತೆಂದು ನಮಗೆ ತೋರುತ್ತದೆ. ನಮ್ಮ ಮೈಸೂರಿನಲ್ಲಿಯೂ ೧೯೯೬ರಲ್ಲಿ ಇಂಥ ವಿಶ್ವವಿದ್ಯಾನಿಲಯವು ಏರ್ಪಟ್ಟಿದೆ. ನಡುವೆ ಓದು ನಿಲ್ಲಿಸಿದವರು ಇದನ್ನು ಗಮನಿಸಬೇಕು.

೧೯೮೪ರಲ್ಲಿ ಅವರ ಮುಖ್ಯ ಗ್ರಂಥವು ಹೊರಬಿದ್ದಿತು. ಅದರ ಹೆಸರನ್ನು ‘ಶ್ರಮದ ಸ್ಥಳ ವಿಭಾಗಗಳು’ ಎಂದು ಕನ್ನಡಿಸಬಹುದು. ಹಿಂದಿನ ಕಾಲದಲ್ಲಿ ಒಂದೊಂದು ಪ್ರಾಂತಕ್ಕೆ ಒಂದೊಂದು ಕೈಗಾರಿಕೆಯಿತ್ತು. ಲ್ಯಾಂಕಷೈರಿಗೆ ಹತ್ತಿ, ಡರಾಮಿಗೆ ಕಲ್ಲಿದ್ದಲು. ಇಪ್ಪತ್ತನೆಯ ಶತಮಾನದ ದೊಡ್ಡ ಕಂಪೆನಿಗಳು ಬೇರೆ ಕ್ರಮವನ್ನು ಹಿಡಿದುವು. ಒಂದೇ ಕಂಪೆನಿಯು ತನ್ನ ಮುಖ್ಯ ಕಚೇರಿಯನ್ನು ಲಂಡನ್ನಿನಲ್ಲಿಯೂ, ಸಂಶೋಧನಾಲಯವನ್ನು ದಕ್ಷಿಣದ ಊರುಗಳಲ್ಲಿಯೂ, ಬಿಡಿಭಾಗಗಳನ್ನು ಜೋಡಿಸುವ ಕಾರ್ಖಾನೆಯನ್ನು ಕೂಲಿ ಅಗ್ಗವಾದ ಉತ್ತರದಲ್ಲಿಯೋ ವೇಲ್ಸಿನಲ್ಲಿಯೋ ಇಡುವುದು. ಉತ್ತರದ ಊರಿಗೂ ಕಾರ್ಖಾನೆ ಬಂದಿತೆಂದು ಎಲ್ಲರೂ ಸಂತೋಷಪಡುವರು. ಆದರೆ ಆಲೋಚಿಸುವ ಕೆಲಸವೂ ನಿರ್ಧರಿಸುವ ಅಧಿಕಾರವೂ ಒಂದು ಕಡೆ. ಕೈಕೆಲಸ ಮಾತ್ರ ಮತ್ತೊಂದು ಕಡೆ. ಆ ಕಾರ್ಖಾನೆಯನ್ನು ಮುಚ್ಚಬೇಕೆಂಬ ತೀರ್ಮಾನವೂ ದೂರದಲ್ಲೇ ಆಗುವುದು. ಹಾಗಾದರೆ ಒಂದು ಊರಿನ ಬಡತನಕ್ಕೆ ಕಾರಣವನ್ನು ಆ ಊರಿನೊಳಗೇ ಹುಡುಕುವುದು ಸಾಲದು. ಆ ಊರಿಗೂ ಇತರ ಊರುಗಳಿಗೂ ಇರುವ ಸಂಬಂಧದಲ್ಲಿ ಅದನ್ನು ಹುಡುಕಬೇಕು. ಇದೇ ಮ್ಯಾಸಿಯವರ ಉಪದೇಶದ ಹೃದಯ.

ಅದೇ ವರ್ಷ ಲಿಂಡಾ ಮ್ಯಾಕ್‌ಡವೆಲ್ ಎಂಬ ವಿದುಷಿಯೊಡನೆ ಕೂಡಿ ಬರೆದ ಒಂದು ಪ್ರಬಂಧದಲ್ಲಿ ಅವರು ಹೆಂಗಸರ ವಿಷಯವನ್ನು ಪ್ರತ್ಯೇಕವಾಗಿ ವಿಚಾರಮಾಡಿರುವರು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ನಾಲ್ಕು ಪ್ರದೇಶಗಳನ್ನು ಅವರು ಆರಿಸಿಕೊಂಡರು. ಡರಾಮಿನ ಗಣಿಯ ಹಳ್ಳಿಗಳಲ್ಲಿ ಸಂಬಳದ ಕೆಲಸವೆಲ್ಲವೂ ಗಂಡಸರದು. ಪಾಳಿಯಿಂದ ಮಸಿಮಯವಾಗಿ ಬರುವವರಿಗೆ ನೀರು ಕಾಯಿಸುವುದು, ಬಟ್ಟೆ ಒಗೆಯುವುದು, ಹೊತ್ತಲ್ಲದ ಹೊತ್ತಿನಲ್ಲಿ ಅಡಿಗೆ ಮಾಡುವುದು ಹೆಂಗಸರ ಪಾಲು. ಲ್ಯಾಂಕಷೈರಿನ ಹತ್ತಿಯ ಊರುಗಳಲ್ಲಾದರೋ ಹೆಂಗಸರು ಮಗ್ಗಗಳ ಮುಂದೆ ನಿಂತು ಸಂಬಳ ಪಡೆಯುತ್ತಿದ್ದರು, ಕೆಲಸಗಾರರ ಸಂಘಗಳಿಗೆ ಸೇರುತ್ತಿದ್ದರು. ಸ್ತ್ರೀಯರಿಗೆ ಮತದಾನದ ಹಕ್ಕು ಬೇಕೆಂಬ ಚಳವಳಿಯಲ್ಲಿಯೂ ಮುಂದಾದರು. ಲಂಡನ್ನಿನ ಹ್ಯಾಕ್ನಿಯಲ್ಲಿ ಹೆಂಗಸರು ಮನೆಯಲ್ಲೇ ಕುಳಿತು ಬಟ್ಟೆ ಹೊಲಿದು ಅಲ್ಪ ಸಂಪಾದನೆ ಮಾಡುತ್ತಿದ್ದರು. ಪೂರ್ವದ ಫೆನ್ಸ್ ಎಂಬ ಜೌಗು ಪ್ರದೇಶದಲ್ಲಿ ಗುಂಪುಗುಂಪಾಗಿ ಹೊಲಗಳಲ್ಲಿ ದುಡಿಯುತ್ತಿದ್ದರು. ಒಂದೇ ದೇಶ, ಒಂದೇ ಕಾಲ. ಆದರೂ ಹೆಣ್ಣಿನ ಬಾಳು ನಾಲ್ಕು ವಿಧ. ಹೆಂಗಸರ ಸ್ಥಾನವೆಂಬುದು ಎಲ್ಲೆಲ್ಲಿಯೂ ಒಂದೇ ಆಗಿ ನಿಂತುದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕಥೆ ಇಲ್ಲಿಗೇ ಮುಗಿಯಲಿಲ್ಲ. ೧೯೬೦ರ ದಶಕದಲ್ಲಿ ಡರಾಮಿನ ಗಣಿಗಳು ಮುಚ್ಚುತ್ತಿರುವಾಗ ಹೊಸ ಕಾರ್ಖಾನೆಗಳು ಅಲ್ಲಿಗೆ ಬಂದುವು. ಅವು ಹುಡುಕಿ ಬಂದುದು ಗಣಿಯ ಗಂಡಸರನ್ನಲ್ಲ, ಅವರ ಹೆಂಡಂದಿರನ್ನೂ ಹೆಣ್ಣುಮಕ್ಕಳನ್ನೂ. ಹಿಂದೆ ಸಂಬಳದ ಕೆಲಸವನ್ನು ಕಾಣದವರಾದುದರಿಂದ ಇವರು ಕಡಿಮೆ ಕೂಲಿಗೆ ಒಪ್ಪುವರು, ಸಂಘ ಕಟ್ಟುವುದಿಲ್ಲ ಎಂಬುದು ಒಡೆಯರ ಲೆಕ್ಕಾಚಾರ. ಹಳೆಯ ಕಾಲದ ಏರ್ಪಾಟೇ ಹೊಸ ಕೈಗಾರಿಕೆಯನ್ನು ಕರೆತಂದಿತು. ಒಂದು ಪದರದ ಮೇಲೆ ಮತ್ತೊಂದು ಪದರ ಕೂತು ನೆಲವಾಗುವಂತೆ, ಒಂದು ಕಾಲದ ಕೈಗಾರಿಕೆಯ ಮೇಲೆ ಮತ್ತೊಂದು ಕಾಲದ ಕೈಗಾರಿಕೆಯು ಕೂತು ಊರಿನ ಸ್ವಭಾವವು ರೂಪುಗೊಳ್ಳುವುದೆಂಬ ಮ್ಯಾಸಿಯವರ ತತ್ತ್ವಕ್ಕೆ ಇದು ನಿದರ್ಶನ.

ಲ್ಯಾಂಕಷೈರಿನ ಆ ಮಗ್ಗಗಳಿಗೂ ನಮ್ಮ ನಾಡಿಗೂ ಹಳೆಯ ನಂಟುಂಟು. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಂದ ಹತ್ತಿ ಬರುವುದು ನಿಂತುಹೋದಾಗ ಲ್ಯಾಂಕಷೈರಿನ ಗಿರಣಿಗಳು ಮುಚ್ಚಿ ಜನರು ಹಸಿದರು. ಅದೇ ವೇಳೆಯಲ್ಲಿ ಇಂಡಿಯದ ಹತ್ತಿಯ ಬೆಲೆಯು ಏರಿತು. ಧಾರವಾಡ ಸೀಮೆಯ ಎರೆನೆಲದಲ್ಲಿ ಬೆಳೆದ ಒಂದು ಬಗೆಯ ಹತ್ತಿಗೆ ವರ್ತಕರು ಕುಮಟಾ ಹತ್ತಿ ಎಂದು ಹೆಸರಿಟ್ಟಿದ್ದರು. ಕುಮಟೆಯಲ್ಲಿ ಅದು ಬೆಳೆಯುತ್ತಿರಲಿಲ್ಲ. ಆ ಬಂದರಿನಿಂದ ಹಡಗು ಹತ್ತುತ್ತಿತ್ತು, ಅಷ್ಟೆ. ಬೆಳೆದ ನೆಲದ ಹೆಸರು ಮರೆಯಾಗಿ, ಸಾಗಿಸಿದ ಬಂದರಿನ ಹೆಸರು ನಿಂತಿತು. ಯುದ್ಧವು ಮುಗಿದೊಡನೆ ಬೆಲೆಯೂ ಇಳಿಯಿತು. ಧಾರವಾಡದ ರೈತನ ನೆಲವಾಗಲಿ ಮಳೆಯಾಗಲಿ ಇದಕ್ಕೆ ಕಾರಣವಲ್ಲ.

ಮ್ಯಾಸಿಯವರು ಲಂಡನ್ನಿನ ವಾಯವ್ಯ ಭಾಗದ ಕಿಲ್‌ಬರ್ನ್ ಎಂಬಲ್ಲಿ ವಾಸಮಾಡುತ್ತಿದ್ದರು. ೧೯೯೧ರಲ್ಲಿ ಆ ಬೀದಿಯ ವರ್ಣನೆಯನ್ನು ಆಧಾರವಾಗಿಟ್ಟುಕೊಂಡು ಅವರು ಬರೆದ ಲೇಖನವು ಬಹಳ ಪ್ರಸಿದ್ಧವಾಗಿದೆ. ಐರ್ಲೆಂಡಿನ ಪತ್ರಿಕೆಗಳನ್ನು ಮಾರುವ ಅಂಗಡಿ, ನಮ್ಮ ದೇಶದ ಸೀರೆಗಳನ್ನು ಕಿಟಕಿಯಲ್ಲಿ ಹರಡಿದ ಅಂಗಡಿ, ಮೇಲೆ ವಿಮಾನಗಳು. ಹೀಗೆ ಆ ಬೀದಿಯು ಲೋಕದ ನಾನಾ ಭಾಗಗಳ ಎಳೆಗಳು ಸೇರಿದ ಗಂಟು. ಒಂದು ಸ್ಥಳದ ವೈಶಿಷ್ಟ್ಯವು ಸುತ್ತಲೂ ಬೇಲಿ ಹಾಕಿಕೊಳ್ಳುವುದರಿಂದ ಬರುವುದಲ್ಲ, ಅಲ್ಲಿ ಸೇರುವ ಸಂಬಂಧಗಳ ಹೆಣಿಗೆಯಿಂದ ಬರುವುದೆಂದು ಅವರು ಹೇಳಿದರು. ಆದರೆ ಈ ಸಂಬಂಧಗಳಲ್ಲಿ ಎಲ್ಲರೂ ಸಮಾನರಲ್ಲ. ವಿಮಾನದಲ್ಲಿ ಓಡಾಡುವವನೊಬ್ಬ, ನೀರಿಗಾಗಿ ಗಂಟೆಗಟ್ಟಲೆ ನಡೆಯುವ ಹೆಂಗಸೊಬ್ಬಳು. ಈ ಅಸಮಾನತೆಗೆ ಅವರು ‘ಅಧಿಕಾರದ ರೇಖಾಗಣಿತ’ವೆಂಬ ಅರ್ಥದ ಹೆಸರನ್ನಿಟ್ಟರು. ೨೦೦೭ರಲ್ಲಿ ದಕ್ಷಿಣ ಅಮೆರಿಕದ ವೆನೆಜುವೇಲಾ ದೇಶದ ಸರ್ಕಾರವು ಈ ಮಾತನ್ನೇ ತನ್ನ ಕಾರ್ಯಕ್ರಮದಲ್ಲಿ ಬಳಸಿಕೊಂಡಿತು.

ಅದೇ ೨೦೦೭ರಲ್ಲಿ ಲಂಡನ್ ನಗರದ ವಿಷಯವಾಗಿ ಅವರು ಬರೆದ ಗ್ರಂಥದಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ತಟ್ಟಿದ ಭಾಗವೊಂದುಂಟು. ಆಫ್ರಿಕದ ಘಾನಾ ದೇಶದಲ್ಲಿ ಆ ಬಡ ದೇಶದ ಹಣದಿಂದಲೇ ಶಿಕ್ಷಣ ಪಡೆದ ದಾದಿಯರೂ ವೈದ್ಯರೂ ಲಂಡನ್ನಿನ ಆಸ್ಪತ್ರೆಗಳಿಗೆ ಬರುವರು. ಅವರಿಗೂ ಒಳ್ಳೆಯದಾಯಿತು, ಲಂಡನ್ನಿನ ರೋಗಿಗಳಿಗೂ ಒಳ್ಳೆಯದಾಯಿತು. ಆದರೆ ಬಡವನು ಧನಿಕನಿಗೆ ದಾನಕೊಟ್ಟಂತಾಗಲಿಲ್ಲವೇ? ಹಾಗೆಂದು ದಾದಿಯರನ್ನು ತಡೆಯಬೇಕೆಂದು ಅವರು ಹೇಳಲಿಲ್ಲ. ಪಡೆದ ನಗರವು ಕೊಟ್ಟ ದೇಶಕ್ಕೆ ಋಣಿಯೆಂಬುದನ್ನು ಅರಿಯಬೇಕು ಎಂದರು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರಾಗಿ ಪರದೇಶಗಳಲ್ಲಿ ಸೇವೆಮಾಡುತ್ತಿರುವವರು ಇರುವುದರಿಂದ ಇದು ನಮಗೆ ದೂರದ ಮಾತಲ್ಲ.

ಅವರಿಗೆ ೧೯೯೪ರಲ್ಲಿ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ವಿಕ್ಟೋರಿಯಾ ಪದಕವೂ, ೧೯೯೮ರಲ್ಲಿ ಭೂಗೋಳಶಾಸ್ತ್ರದ ನೊಬೆಲ್ ಎನ್ನಿಸಿಕೊಂಡಿರುವ ವಾತ್ರಿನ್ ಲ್ಯೂಡ್ ಪಾರಿತೋಷಕವೂ ದೊರೆತುವು. ೨೦೧೬ನೆಯ ಇಸವಿ ಮಾರ್ಚ್ ೧೧ನೆಯ ದಿನ, ೭೨ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅವರು ಸಮಾಜವಾದಿಗಳಾಗಿದ್ದರು, ಅವರ ರಾಜಕೀಯ ಅಭಿಪ್ರಾಯಗಳೆಲ್ಲವನ್ನೂ ನಮ್ಮ ಓದುಗರು ಒಪ್ಪಬೇಕಾಗಿಲ್ಲ. ಅವರು ಧರ್ಮೋಪದೇಶ ಮಾಡಿದವರೂ ಅಲ್ಲ. ಆದರೆ ೨೦೦೪ರಲ್ಲಿ ಹೊಣೆಗಾರಿಕೆಯ ಭೂಗೋಳವನ್ನು ಕುರಿತು ಬರೆದ ಲೇಖನದಲ್ಲಿ, ಹತ್ತಿರದವರಿಗೆ ಮಾತ್ರವೇ ನಾವು ಹೊಣೆಯೆಂಬ ರೂಢಿಯ ಭಾವನೆಯನ್ನು ಅವರು ಪ್ರಶ್ನಿಸಿರುವರು. ನನ್ನ ನೆರೆಯವನು ಯಾರೆಂಬ ಪ್ರಶ್ನೆಯನ್ನೂ, ಅದಕ್ಕೆ ಉತ್ತರವಾಗಿ ಬಂದ ಸಮಾರ್ಯದವನ ಸಾಮ್ಯವನ್ನೂ ಭಾನುವಾರದ ಶಾಲೆಯಲ್ಲಿ ಕಲಿತ ನಮ್ಮ ಹುಡುಗಿಯರಿಗೆ ಈ ವಿಚಾರವು ಹೊಸದಾಗಿ ತೋರಲಾರದು.

ಈಗ ನಮ್ಮ ಹಳೆಯ ಪ್ರಶ್ನೆಗೆ ಬರೋಣ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರಗಳ ಮುಂದೆ ಕುಳಿತಿರುವವರಲ್ಲಿ ಹೆಚ್ಚಿನವರು ಹೆಂಗಸರು. ಹಳ್ಳಿಗಳಿಂದ ಬಂದವರೇ ಬಹಳ. ಅಲ್ಲಿ ಹೊಲಿದ ಅಂಗಿಯ ಮಾದರಿಯನ್ನೂ, ಬೆಲೆಯನ್ನೂ, ಸರಕು ತಲುಪಬೇಕಾದ ದಿನವನ್ನೂ ಯೂರೋಪು ಅಮೆರಿಕಗಳ ಕಚೇರಿಗಳು ಗೊತ್ತುಮಾಡುವುವು. ಹೊಲಿಯುವವಳಿಗೆ ಅಗ್ಗದ ಕೂಲಿಯೇಕೆ, ಅವಳ ಊರಿನಲ್ಲಿ ಬೇರೆ ಕೆಲಸವೇಕಿಲ್ಲ, ನಿರ್ಧರಿಸುವ ಮೇಜಿನ ಬಳಿ ಅವಳಿಗೆ ಪೀಠವೇಕಿಲ್ಲ ಎಂಬ ಪ್ರಶ್ನೆಗಳಿಗೆ ಮಳೆಯೂ ನೆಲವೂ ಉತ್ತರ ಹೇಳಲಾರವು. ಮಳೆಯನ್ನು ಕೊಡತಕ್ಕವನು ದೇವರು. ಆದರೆ ಕಾರ್ಖಾನೆಯ ಸ್ಥಳವನ್ನೂ ಕೂಲಿಯ ಪ್ರಮಾಣವನ್ನೂ ಗೊತ್ತುಮಾಡುವವರು ಮನುಷ್ಯರು. ಮನುಷ್ಯರು ಮಾಡಿದುದನ್ನು ಮನುಷ್ಯರು ತಿದ್ದಬಹುದು. ಇದನ್ನು ತಿಳಿಯದ ಹುಡುಗಿಯು ತನ್ನ ಊರನ್ನೂ ತನ್ನನ್ನೂ ಹೀನವೆಂದು ಭಾವಿಸುವಳು. ತಿಳಿದವಳು ಕಾರಣವನ್ನು ಕೇಳುವಳು.

ಆದುದರಿಂದ ಈಚೆಗೆ ನಾವು ಒಂಬತ್ತನೆಯ ತರಗತಿಯ ಪಾಠಕ್ರಮದಲ್ಲಿ ಒಂದು ಅಭ್ಯಾಸವನ್ನು ಸೇರಿಸಿರುವೆವು. ಪ್ರತಿಯೊಬ್ಬಳೂ ತನ್ನ ಊರಿನ ಒಂದು ಚಿಕ್ಕ ಪಟವನ್ನು ಬರೆದು, ಆ ಊರಿನಿಂದ ಏನು ಹೊರಗೆ ಹೋಗುವುದು, ಯಾರು ಹೋಗುವರು, ಏನು ಒಳಗೆ ಬರುವುದು, ಬೆಲೆಯನ್ನು ಹೇಳುವವರು ಯಾರು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಗುರುತಿಸಬೇಕು. ಮೊದಲನೆಯ ವರ್ಷ ಬಂದ ಪಟಗಳಲ್ಲಿ ಗೆರೆಗಳು ವಕ್ರವಾಗಿದ್ದುವು, ಅಳತೆ ತಪ್ಪಿದ್ದುವು. ಆದರೆ ನಮಗೆ ಗೊತ್ತಿಲ್ಲದ ಎಷ್ಟೋ ಸಂಗತಿಗಳು ಅವುಗಳಲ್ಲಿದ್ದುವು. ಹಿಂದಿನ ಸಾಲಿನಿಂದ ಎದ್ದು ನಿಂತ ಆ ಹುಡುಗಿಗೆ ಅಂದು ನಾವು ಕೊಡಲಾರದೆ ಹೋದ ಉತ್ತರವನ್ನು ಈ ಸಂಚಿಕೆಯ ಮೂಲಕ ಕೊಡುತ್ತಿದ್ದೇವೆ. ಅವಳು ಎಲ್ಲಿಯೇ ಇರಲಿ, ಈ ಪುಟವು ಅವಳ ಕೈಗೆ ಸಿಕ್ಕಲಿ ಎಂದು ಪ್ರಾರ್ಥಿಸುತ್ತೇವೆ. ಹಿಂದಿನ ಸಾಲಿನಲ್ಲಿ ಈಗ ಕುಳಿತಿರುವ ಬಾಲಿಕೆಯರೇ, ನೀವೂ ಎದ್ದು ಕೇಳಿರಿ.